ಪಕ್ಕದ ಆಸನ

ಮಲೆನಾಡಿನ ಕಣಿವೆಗಳಲ್ಲಿ ವಾಸಿಸುವವರ ಪಾಲಿಗೆ ಬರುವ ಆಕಾಶ ಬಹಳ ಚಿಕ್ಕದು. ಬಯಲುಸೀಮೆಯವರಂತೆ ದಿಗಂತದಿಂದ ದಿಗಂತದವರೆಗೆ ಹರಡಿದ ಬಾನನ್ನು ನಾವು ಕಾಣಲಾರೆವು. ಪೂರ್ವಕ್ಕೊಂದು ಗುಡ್ಡ, ಪಶ್ಚಿಮಕ್ಕೊಂದು ಗುಡ್ಡ. ನಡುವೆ ಕಾಫಿ ಗಿಡಗಳಿಗೆ ನೆರಳಾಗಲೆಂದು ಬೆಳೆಸಿದ ಅತ್ತಿ, ಹಲಸು, ಸಿಲ್ವರ್ ಓಕ್ ಮರಗಳು. ಅವುಗಳ ಕೊಂಬೆಗಳ ಸಂದಿನಲ್ಲಿ ಎಷ್ಟು ಕಾಣುವುದೋ ಅಷ್ಟೇ ನಮ್ಮ ಆಕಾಶ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅದೂ ಇಲ್ಲ. ಆಗ ಮೋಡವೇ ಅಂಗಳಕ್ಕೆ ಇಳಿದು ಬಂದಿರುತ್ತದೆ. ಆದುದರಿಂದ ನಮ್ಮ ಕಡೆಯ ಮಕ್ಕಳಿಗೆ ವಿಮಾನವೆಂದರೆ ಮೊದಲು ಒಂದು ಸದ್ದು. ನಾನು ಕಳಸದ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದ ಕಾಲದಲ್ಲಿ, ಮೇಲೆಲ್ಲೋ ಆ ಸದ್ದು ಕೇಳಿದೊಡನೆ ಇಡೀ ತರಗತಿಯ ಕಣ್ಣು ಕಿಟಕಿಯ ಕಡೆಗೆ ಹೊರಳುತ್ತಿತ್ತು. ಸದ್ದು ದೂರವಾಗುವವರೆಗೆ ಹಳಗನ್ನಡ ಪದ್ಯ ಕಾಯಬೇಕಾಗುತ್ತಿತ್ತು. ನಾನೂ ಕಾಯುತ್ತಿದ್ದೆ.

ಆಕಾಶ ಚಿಕ್ಕದಾದರೂ ಒಂದು ವಿದ್ಯೆಯನ್ನು ಈ ನೆಲ ತನ್ನ ಮಕ್ಕಳಿಗೆ ಎಳವೆಯಲ್ಲಿಯೇ ಕಲಿಸಿಬಿಡುತ್ತದೆ. ಅದು ಒಬ್ಬರೇ ದಾಟುವ ವಿದ್ಯೆ. ನಮ್ಮ ಕಡೆ ಮನೆಗಳು ಒಂದಕ್ಕೊಂದು ತಾಗಿಕೊಂಡಿರುವುದಿಲ್ಲ. ಮನೆಯಿಂದ ಶಾಲೆಗೆ ಹೋಗುವಷ್ಟರಲ್ಲಿ ಒಂದೆರಡು ಹಳ್ಳಗಳನ್ನಾದರೂ ದಾಟಬೇಕು. ಹಳ್ಳಕ್ಕೆ ಅಡ್ಡಲಾಗಿ ಎರಡೋ ಮೂರೋ ಅಡಕೆ ಮರದ ಕಾಂಡಗಳನ್ನು ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಸೇತುವೆಯಾಯಿತು. ಅದನ್ನು ನಾವು ಸಂಕವೆನ್ನುತ್ತೇವೆ. ಬೇಸಗೆಯಲ್ಲಿ ಅದರ ಮೇಲೆ ಮಕ್ಕಳು ಓಡುತ್ತಾರೆ. ಮಳೆಗಾಲ ಬಂದಿತೆಂದರೆ ಕೆಳಗೆ ಕೆನ್ನೀರು ಭೋರ್ಗರೆಯುತ್ತದೆ, ಕಾಂಡದ ಮೇಲೆ ಪಾಚಿ ಕಟ್ಟುತ್ತದೆ. ಹೊಸದಾಗಿ ಶಾಲೆಗೆ ಸೇರಿದ ಮಗುವನ್ನು ದೊಡ್ಡವರು ಕೈಹಿಡಿದು ದಾಟಿಸುತ್ತಾರೆ. ಕೆಲವು ದಿನಗಳಾದ ಮೇಲೆ ಕೈಬಿಟ್ಟು ಹಿಂದೆ ಹಿಂದೆ ಬರುತ್ತಾರೆ. ಆಮೇಲೆ ಒಂದು ದಿನ ಈಚೆ ದಡದಲ್ಲಿಯೇ ನಿಂತುಬಿಡುತ್ತಾರೆ. ನನ್ನನ್ನು ದಾಟಿಸುತ್ತಿದ್ದವಳು ನನ್ನ ಅಜ್ಜಿ. ಅವಳು ಹೇಳುತ್ತಿದ್ದುದು ಎರಡೇ ಮಾತು: ‘ನೀರನ್ನು ನೋಡಬೇಡ, ಆಚೆ ದಡ ನೋಡು. ಅವಸರ ಮಾಡಬೇಡ, ನಡುವೆ ನಿಲ್ಲಲೂ ಬೇಡ.’ ಅವಳು ಈಚೆ ದಡದಲ್ಲಿ ನಿಂತ ದಿನ ನಾನು ಆಚೆ ದಡ ಸೇರಿ ಹಿಂತಿರುಗಿ ನೋಡಿದಾಗ, ಕಂಬಳಿಕೊಪ್ಪೆಯೊಳಗೆ ಅವಳ ಮುಖವೇ ಕಾಣಿಸಲಿಲ್ಲ. ಕೈ ಮಾತ್ರ ‘ಹೋಗು’ ಎಂದು ಸನ್ನೆ ಮಾಡುತ್ತಿತ್ತು.

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಇಂತಹುದೇ ಒಂದು ಸಂಕವನ್ನು ದಾಟಿ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು ಮುಂದೆ ವಿಮಾನ ನಡೆಸಲು ಕಲಿತಳು. ಅವಳ ತಂದೆಗೆ ಹತ್ತು ಎಕರೆಯ ಕಾಫಿ ತೋಟವಿತ್ತು. ಸಾಧಾರಣ ವರ್ಷಗಳಲ್ಲಿ ಅಷ್ಟು ತೋಟದ ಹುಟ್ಟುವಳಿ ಗೊಬ್ಬರಕ್ಕೆ, ಆಳುಗಳ ಸಂಬಳಕ್ಕೆ, ಮನೆಯ ಖರ್ಚಿಗೆ ಸರಿಹೋಗುತ್ತದೆ. ಮಗಳನ್ನು ವಿಮಾನ ಕಲಿಯಲು ಕಳಿಸುವಷ್ಟು ಉಳಿಯುವುದಿಲ್ಲ. ಆದರೆ 1994ರಲ್ಲಿ, ನಮ್ಮಿಂದ ಸಾವಿರಾರು ಮೈಲಿ ದೂರದ ಬ್ರೆಜಿಲ್ ದೇಶದಲ್ಲಿ ಎರಡು ಸಲ ಕಠಿಣವಾದ ಹಿಮ ಬಿದ್ದಿತು. ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ಕಾಫಿ ಬೆಳೆಯುವ ದೇಶ ಅದು. ಅಲ್ಲಿಯ ಗಿಡಗಳು ಸುಟ್ಟಂತಾದವು; ಪ್ರಪಂಚದ ಪೇಟೆಯಲ್ಲಿ ಕಾಫಿಯ ಬೆಲೆ ಎರಡು ಪಟ್ಟಿಗೂ ಮಿಗಿಲಾಗಿ ಏರಿತು. ಆ ವೇಳೆಗೆ ನಮ್ಮ ಬೆಳೆಗಾರರಿಗೂ ತಮ್ಮ ಬೆಳೆಯ ಒಂದು ಪಾಲನ್ನು ತಾವೇ ಮಾರಿಕೊಳ್ಳುವ ಸ್ವಾತಂತ್ರ್ಯ ದೊರೆತಿತ್ತು. ಬಾಬಾಬುಡನ್ ಗಿರಿಯಿಂದ ಕಳಸದವರೆಗೆ ಅನೇಕ ಮನೆಗಳಿಗೆ ಆ ವರ್ಷ ಹೊಸ ಹೆಂಚು ಬಂದಿತು, ಕೆಲವರ ಅಂಗಳಕ್ಕೆ ಜೀಪು ಬಂದಿತು. ಈ ಹುಡುಗಿಯ ತಂದೆ ಮಾತ್ರ ಹೆಂಚನ್ನೂ ಬದಲಿಸಲಿಲ್ಲ, ಜೀಪನ್ನೂ ಕೊಳ್ಳಲಿಲ್ಲ. ಪಿ.ಯು. ತರಗತಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿ ಮುಗಿಸಿದ್ದ ಮಗಳನ್ನು ಕರೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. ಎಲ್ಲಿಯೋ ಬಿದ್ದ ಹಿಮ ಇನ್ನೆಲ್ಲಿಯೋ ಒಂದು ಮಗುವಿಗೆ ರೆಕ್ಕೆ ಕೊಟ್ಟಿತೆಂದರೆ ಅದು ಕೇವಲ ಅಲಂಕಾರದ ಮಾತಲ್ಲ.

ಅವಳು ಸೇರಿದುದು ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯನ್ನು. ಬೆಂಗಳೂರಿನ ಉತ್ತರಕ್ಕೆ, ಯಲಹಂಕಕ್ಕೆ ಹೋಗುವ ದಾರಿಯಲ್ಲಿ, 1940ರ ದಶಕದ ಕೊನೆಯ ಭಾಗದಲ್ಲಿ ಆರಂಭವಾದ ಶಾಲೆ ಅದು. 1949ರಲ್ಲಿ ಅಲ್ಲಿಂದ ಉತ್ತೀರ್ಣರಾದವರು ಉಷಾ ಸುಂದರಂ. ಸ್ವತಂತ್ರ ಭಾರತದ ಮೊದಲ ಮಹಿಳಾ ವಿಮಾನ ಚಾಲಕರಲ್ಲಿ ಅಗ್ರಗಣ್ಯರೆಂದು ಅವರ ಹೆಸರನ್ನು ಹೇಳುತ್ತಾರೆ. ಅವರೂ ಅವರ ಪತಿ ವಿ. ಸುಂದರಂ ಅವರೂ ಸೇರಿ, ಮದ್ರಾಸ್ ಸರ್ಕಾರ ಕೊಂಡಿದ್ದ ‘ಡವ್’ ಎಂಬ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ ಸುಮಾರು 27 ಗಂಟೆಗಳಲ್ಲಿ ತಂದುದು ಆ ಕಾಲಕ್ಕೆ ದೊಡ್ಡ ಸಾಹಸ. ಬೆಂಗಳೂರಿಗೆ ವಿಮಾನವಿದ್ಯೆ ಹೊಸದೇನೂ ಆಗಿರಲಿಲ್ಲ. 1940ರಲ್ಲಿಯೇ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಅಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಅಲ್ಲಿಯೇ ರೂಪುಗೊಂಡ ‘ಎಚ್.ಟಿ.-2’ ಎಂಬ ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿಗೆ ಹಾರಿತು. 1958ರಲ್ಲಿ ‘ಪುಷ್ಪಕ್’ ಹಾರಿತು. ನಮ್ಮ ದೇಶದ ಅದೆಷ್ಟೋ ಯುವಕ ಯುವತಿಯರು ಮೊಟ್ಟಮೊದಲು ನೆಲ ಬಿಟ್ಟು ಮೇಲೇರಿದುದು ಕನ್ನಡ ನಾಡಿನಲ್ಲಿ ತಯಾರಾದ ಈ ಪುಟ್ಟ ವಿಮಾನಗಳಲ್ಲಿ.

ಜಕ್ಕೂರಿನಿಂದ ಅವಳು ನನಗೆ ಆಗಾಗ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದಳು. ಆ ಪತ್ರಗಳಿಂದ ನಾನು ತಿಳಿದುಕೊಂಡ ಮೊದಲ ಸಂಗತಿಯೆಂದರೆ, ಕಲಿಯುವವರ ವಿಮಾನದಲ್ಲಿ ಎಲ್ಲವೂ ಎರಡೆರಡು ಇರುತ್ತವೆ ಎಂಬುದು. ಎರಡು ಆಸನ, ಎರಡು ಚಾಲನ ದಂಡ, ಕಾಲಿನ ಕೆಳಗೆ ಎರಡು ಜೊತೆ ತುಳಿಮೆಟ್ಟು. ಒಂದು ಶಿಷ್ಯರಿಗೆ, ಒಂದು ಗುರುವಿಗೆ. ಶಿಷ್ಯೆ ಮಾಡುವ ತಪ್ಪು ಗುರುವಿನ ಅಂಗೈಗೆ ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಬೇಕಾದರೆ ಅವರು ತಿದ್ದಬಹುದು. ನಮ್ಮಂತಹ ಶಾಲಾ ಉಪಾಧ್ಯಾಯರಿಗೆ ಇಂತಹ ಅನುಕೂಲವೆಲ್ಲಿ! ಶಿಷ್ಯ ಕಾಗದದ ಮೇಲೆ ಬರೆದುದನ್ನು ಮರುದಿನ ತಿದ್ದುತ್ತೇವೆ. ಅಷ್ಟರಲ್ಲಿ ತಪ್ಪು ಒಂದು ರಾತ್ರಿ ನಿದ್ರೆ ಮಾಡಿ ಎದ್ದಿರುತ್ತದೆ.

ಈ ಏರ್ಪಾಡು ಮೊದಲಿನಿಂದಲೂ ಇದ್ದುದಲ್ಲ. ಪ್ರಪಂಚದಲ್ಲಿ ಮೊದಲು ಹಾರಿದವರಿಗೆ ಗುರುಗಳೇ ಇರಲಿಲ್ಲ. ಜರ್ಮನಿಯ ಆಟೊ ಲಿಲಿಯೆಂಥಾಲ್ ತಾನೇ ಕಟ್ಟಿದ ರೆಕ್ಕೆಗಳನ್ನು ತೊಟ್ಟು ಗುಡ್ಡಗಳಿಂದ ಸುಮಾರು 2000 ಸಲ ತೇಲಿ ಇಳಿದ; ಕೊನೆಗೆ 1896ರ ಆಗಸ್ಟಿನಲ್ಲಿ ಹಾಗೆ ತೇಲುವಾಗಲೇ ಬಿದ್ದು ಸತ್ತ. ಅಮೆರಿಕದ ರೈಟ್ ಸಹೋದರರು ಎಂಜಿನ್ನಿಲ್ಲದ ತೇಲುವ ಯಂತ್ರಗಳಲ್ಲಿ ಕೆಲವು ವರ್ಷಗಳ ಕಾಲ ಅಭ್ಯಾಸ ಮಾಡಿ, 1903ರ ಡಿಸೆಂಬರ್ 17ರಂದು ಎಂಜಿನ್ನುಳ್ಳ ವಿಮಾನವನ್ನು ಹಾರಿಸಿದರು. ಆರ್ವಿಲ್ ರೈಟನ ಆ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅದು ಪ್ರಪಂಚದ ಮೊದಲ ಹಾರಾಟವೂ ಹೌದು, ಅವನ ಮೊದಲ ಏಕಾಂಗಿ ಹಾರಾಟವೂ ಹೌದು. ಆಮೇಲೆ ಫ್ರಾನ್ಸಿನ ಶಾಲೆಗಳಲ್ಲಿ ಒಂದು ವಿಚಿತ್ರ ಕ್ರಮವಿತ್ತು. ರೆಕ್ಕೆಗಳನ್ನು ಮೊಟಕು ಮಾಡಿದ, ಏನು ಮಾಡಿದರೂ ಮೇಲೇಳದ ವಿಮಾನದಲ್ಲಿ ಶಿಷ್ಯನನ್ನು ಒಬ್ಬನನ್ನೇ ಕೂರಿಸಿ ಮೈದಾನದಲ್ಲಿ ಓಡಾಡಿಸುತ್ತಿದ್ದರು. ಹಾರಲಾರದ ಹಕ್ಕಿಯ ಹೆಸರಿನಿಂದ ಅದನ್ನು ಪೆಂಗ್ವಿನ್ ಎಂದು ಕರೆಯುತ್ತಿದ್ದರು. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್ ಎಂಬಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಸೇನಾಧಿಕಾರಿ ಬೇರೊಂದು ಪದ್ಧತಿಯನ್ನು ವ್ಯವಸ್ಥೆಗೊಳಿಸಿದ. ಗುರು ಶಿಷ್ಯರಿಬ್ಬರೂ ಒಂದೇ ವಿಮಾನದಲ್ಲಿ ಕುಳಿತು, ಇಬ್ಬರ ಕೈಯಲ್ಲಿಯೂ ಚಾಲನ ದಂಡವಿದ್ದು, ಎಂಜಿನ್ನಿನ ಅಬ್ಬರದ ನಡುವೆ ಒಂದು ಕೊಳವೆಯ ಮೂಲಕ ಮಾತನಾಡಿಕೊಳ್ಳುವ ಪದ್ಧತಿ ಅದು. ಅಪಾಯ ಬಂದಾಗ ಏನು ಮಾಡಬೇಕೆಂಬುದನ್ನು ಅಪಾಯದೊಳಕ್ಕೆ ಕರೆದೊಯ್ದೇ ಕಲಿಸಬೇಕೆಂಬುದು ಅವನ ಸಿದ್ಧಾಂತವಾಗಿತ್ತು.

ಅಂತಹ ಒಂದು ಪಾಠದ ಬಗೆಗೆ ನನ್ನ ಶಿಷ್ಯೆ ವಿವರವಾಗಿ ಬರೆದಿದ್ದಳು. ವಿಮಾನದ ಮೂಗನ್ನು ಮಿತಿಮೀರಿ ಮೇಲಕ್ಕೆತ್ತಿದರೆ ರೆಕ್ಕೆಯ ಮೇಲ್ಮೈಗೆ ಅಂಟಿದಂತೆ ಹರಿಯುತ್ತಿದ್ದ ಗಾಳಿ ಕಿತ್ತುಹೋಗುತ್ತದೆ. ಎತ್ತಿಹಿಡಿಯುವ ಶಕ್ತಿ ಕುಂದಿ ವಿಮಾನ ಕುಸಿಯುತ್ತದೆ. ಕುಸಿಯುವಾಗ ಮನುಷ್ಯನ ಕೈ ತಾನಾಗಿಯೇ ದಂಡವನ್ನು ಹಿಂದಕ್ಕೆಳೆದು ಮೂಗನ್ನು ಇನ್ನಷ್ಟು ಮೇಲೆತ್ತಲು ಹೋಗುತ್ತದೆ. ಹಾಗೆ ಮಾಡಿದರೆ ಕೆಟ್ಟಿತು. ಬೀಳುತ್ತಿರುವಾಗಲೇ ಮೂಗನ್ನು ಕೆಳಕ್ಕೆ ಬಾಗಿಸಬೇಕು. ವೇಗ ಬರುತ್ತದೆ, ಗಾಳಿ ಮತ್ತೆ ರೆಕ್ಕೆಯನ್ನು ಹಿಡಿಯುತ್ತದೆ, ವಿಮಾನ ಉಳಿಯುತ್ತದೆ. ಹೆದರಿಕೆ ಹೇಳುವುದಕ್ಕೆ ನೇರ ವಿರುದ್ಧವಾದುದನ್ನು ಮಾಡಲು ಕೈಗೆ ಕಲಿಸಬೇಕಾಗಿತ್ತು. ಈ ಒಂದು ಪಾಠಕ್ಕೆ ಅನೇಕ ಬೆಳಗುಗಳು ಹಿಡಿದವೆಂದೂ, ಪ್ರತಿಸಲವೂ ಪಕ್ಕದ ಆಸನದಿಂದ ಒಂದೇ ದನಿಯಲ್ಲಿ, ಏರಿಳಿತವಿಲ್ಲದೆ, ಅದೇ ಮಾತು ಬರುತ್ತಿತ್ತೆಂದೂ ಅವಳು ಬರೆದಳು. ಅವಳ ಗುರುಗಳು ಮಿತಭಾಷಿಗಳು. ಸರಿಯಾಗಿ ಮಾಡಿದಾಗ ಅವರು ಏನನ್ನೂ ಹೇಳುತ್ತಿರಲಿಲ್ಲ. ಅದೇ ಹೊಗಳಿಕೆಯೆಂದು ತಿಳಿಯಲು ಅವಳಿಗೆ ಎರಡು ತಿಂಗಳು ಬೇಕಾಯಿತು.

ಒಂದು ಚಳಿಗಾಲದ ಮುಂಜಾನೆ ಇಬ್ಬರೂ ಮೂರು ಸುತ್ತು ಹಾರಿ ಇಳಿದರು. ನಾಲ್ಕನೆಯ ಸುತ್ತಿಗೆ ರನ್‌ವೇಯ ತುದಿಗೆ ಬಂದಾಗ ಗುರುಗಳು ತಮ್ಮ ಬಾಗಿಲನ್ನು ತೆರೆದರು, ಸೊಂಟದ ಪಟ್ಟಿಯನ್ನು ಬಿಚ್ಚಿದರು. ಖಾಲಿ ಆಸನದ ಮೇಲೆ ಆ ಪಟ್ಟಿ ಅಲುಗಾಡಿ ಚಾಲನ ದಂಡಕ್ಕೆ ತೊಡಕಾಗದಂತೆ ಮತ್ತೆ ಬಿಗಿದು ಕಟ್ಟಿದರು. ‘ಒಂದು ಸುತ್ತು ಹೋಗಿ ಬಾ’ ಎಂದಷ್ಟೇ ಹೇಳಿ ಇಳಿದು ಹೋದರು. ಏಕಾಂಗಿ ಹಾರಾಟದ ದಿನವನ್ನು ಮೊದಲೇ ತಿಳಿಸುವ ವಾಡಿಕೆ ಅವರಲ್ಲಿರಲಿಲ್ಲ. ತಿಳಿಸಿದರೆ ಹಿಂದಿನ ರಾತ್ರಿ ನಿದ್ರೆ ಬಾರದು. ನಿದ್ರೆಗೆಟ್ಟವರನ್ನು ಹಾರಲು ಬಿಡಬಾರದು.

ಅವಳಿಗೆ ಆದ ಮೊದಲ ಅನುಭವ ಭಯವಲ್ಲ, ಆಶ್ಚರ್ಯ. ವಿಮಾನ ಅಭ್ಯಾಸವಾಗಿದ್ದುದಕ್ಕಿಂತ ಬೇಗ ನೆಲ ಬಿಟ್ಟಿತು. ಅಂತಹ ಸಣ್ಣ ವಿಮಾನದ ಒಟ್ಟು ತೂಕವೇ ಸುಮಾರು 750 ಕಿಲೋಗ್ರಾಂ. ಅದರಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಗುರುಗಳ ತೂಕ. ಅವರು ಇಳಿದುಹೋದುದು ಯಂತ್ರಕ್ಕೂ ತಿಳಿದಿತ್ತು! ಜಕ್ಕೂರು ಕೆರೆಯ ನೀರು ಎಳೆಬಿಸಿಲಿನಲ್ಲಿ ಹೊಳೆಯಿತು. ನೆಲದಿಂದ ಸುಮಾರು 1000 ಅಡಿ ಮೇಲೇರಿ, ತಿರುಗಿ, ರನ್‌ವೇಗೆ ಸಮಾನಾಂತರವಾಗಿ ಸಾಗುವಾಗ, ರೂಢಿಯಂತೆ ಒಂದೊಂದೇ ಉಪಕರಣವನ್ನು ನೋಡಿ ಬಾಯಿಬಿಟ್ಟು ಹೇಳತೊಡಗಿದಳು: ಇಂಧನ ಸರಿ, ಎಣ್ಣೆಯ ಒತ್ತಡ ಸರಿ, ಬ್ರೇಕು ಸರಿ. ಪ್ರತಿಸಲ ಕೊನೆಯಲ್ಲಿ ಬರುತ್ತಿದ್ದ ‘ಹುಂ’ ಎಂಬ ಉತ್ತರ ಬರಲಿಲ್ಲ. ಆಗ ಅವಳು ಮೊದಲ ಬಾರಿಗೆ ತಿರುಗಿ ಪಕ್ಕದ ಆಸನವನ್ನು ನೋಡಿದಳು. ಕಟ್ಟಿದ ಪಟ್ಟಿಯನ್ನು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆ ಕ್ಷಣ ಹೊಟ್ಟೆಯೊಳಗೆ ಏನೋ ಜಾರಿದಂತಾಯಿತಂತೆ. ಮೇಲೇರಿದುದಾಗಿದೆ, ಇಳಿಯಲೇಬೇಕು, ಇಳಿಸುವವರು ಬೇರೆ ಯಾರೂ ಇಲ್ಲ. ಸಂಕದ ನಡುವೆ ನಿಂತ ಮಗುವಿಗೂ ಇದೇ ಸ್ಥಿತಿ.

‘ಆಮೇಲೆ ಒಂದು ಸೋಜಿಗ ನಡೆಯಿತು, ಸಾರ್,’ ಎಂದು ಅವಳು ಬರೆದಿದ್ದಳು. ಎಂಜಿನ್ನಿನ ಶಬ್ದವನ್ನು ಕಡಿಮೆ ಮಾಡಿ ಇಳಿಯತೊಡಗಿದಾಗ ಅವಳಿಗೆ ಗುರುಗಳ ದನಿ ಸ್ಪಷ್ಟವಾಗಿ ಕೇಳತೊಡಗಿತು. ವೇಗ ನೋಡು. ಮೂಗು ತಗ್ಗಿಸು. ಬಲಗಾಲು. ಅವರು ಮೈದಾನದ ಅಂಚಿನಲ್ಲಿ ಮರದ ಕೆಳಗೆ ನಿಂತಿದ್ದರು. ರೇಡಿಯೋದಲ್ಲಿಯೂ ಅವರು ಮಾತನಾಡುತ್ತಿರಲಿಲ್ಲ. ದನಿ ಬರುತ್ತಿದ್ದುದು ಅವಳೊಳಗಿನಿಂದಲೇ. ನೆಲ ಹತ್ತಿರವಾದಾಗ ಚಕ್ರದ ಕೆಳಗಿನ ನೆಲವನ್ನು ನೋಡಬಾರದು, ರನ್‌ವೇಯ ಆಚೆಯ ತುದಿಯನ್ನು ನೋಡಬೇಕು. ಆಗ ಮಾತ್ರ ಎತ್ತರದ ಅಂದಾಜು ಸಿಗುತ್ತದೆ. ಇದು ಹಾರಾಟದ ಶಾಲೆ ಕಲಿಸಿದ ಪಾಠ. ‘ಆದರೆ ಅದನ್ನು ಹೇಳಿದ ದನಿ ನಮ್ಮ ಅಮ್ಮನದು. ಸಂಕ ದಾಟಿಸುವಾಗ ಅಮ್ಮ ಹಾಗೆಯೇ ಹೇಳುತ್ತಿದ್ದಳು.’ ಓದಿ ನಾನು ಬೆರಗಾದೆ. ನನ್ನ ಅಜ್ಜಿಯ ಮಾತೆಂದು ನಾನು ತಿಳಿದಿದ್ದುದು ನಮ್ಮ ಸೀಮೆಯ ಎಲ್ಲ ತಾಯಂದಿರ ಮಾತೂ ಆಗಿತ್ತು. ಯಾವ ಅಜ್ಜಿಯೂ ವಿಮಾನವನ್ನು ಹತ್ತಿರದಿಂದ ನೋಡಿದವಳಲ್ಲ.

ಇಳಿದು ಬಂದು ಎಂಜಿನ್ ನಿಲ್ಲಿಸಿದಾಗ ಗೆಳೆಯರು ಬಕೆಟ್ಟಿನಲ್ಲಿ ನೀರು ತಂದು ಅವಳ ತಲೆಯ ಮೇಲೆ ಸುರಿದರು. ಮೊದಲ ಏಕಾಂಗಿ ಹಾರಾಟ ಮುಗಿಸಿದವರಿಗೆ ಅದು ಅಭಿಷೇಕ. ಅಮೆರಿಕದಲ್ಲಿ ಬೇರೆ ಪದ್ಧತಿಯಿದೆಯಂತೆ. ಅಲ್ಲಿ ಶಿಷ್ಯರ ಅಂಗಿಯ ಹಿಂಭಾಗವನ್ನು ಕತ್ತರಿಸುತ್ತಾರೆ. ರೇಡಿಯೋ ಇಲ್ಲದ ಕಾಲದಲ್ಲಿ ಹಿಂದೆ ಕುಳಿತ ಗುರು ಮುಂದೆ ಕುಳಿತ ಶಿಷ್ಯನ ಅಂಗಿಯ ಚುಂಗನ್ನು ಎಳೆದು ಎಚ್ಚರಿಸುತ್ತಿದ್ದನೆಂದೂ, ಇನ್ನು ಎಳೆಯುವ ಅಗತ್ಯವಿಲ್ಲವೆಂದು ಸೂಚಿಸಲು ಅದನ್ನು ಕತ್ತರಿಸುವರೆಂದೂ ಹೇಳುತ್ತಾರೆ. ಅವಳ ಲಾಗ್ ಪುಸ್ತಕದಲ್ಲಿ ಆ ದಿನದ ಲೆಕ್ಕ ಹತ್ತು ನಿಮಿಷ ಮಾತ್ರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಅದಕ್ಕೆ 1000 ಅಡಿ ಸೇರಿಸಿದರೆ ಅವಳು ಏರಿದ ಎತ್ತರ 4000 ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿ 6300 ಅಡಿಗಳಷ್ಟಿದೆ. ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆ ಹೋಗಿ ಕಾಲ್ನಡಿಗೆಯಲ್ಲಿ ಹತ್ತಿದ ಎತ್ತರವನ್ನು ಅವಳ ವಿಮಾನ ಆ ದಿನ ಮುಟ್ಟಿರಲಿಲ್ಲ. ಹಾಗಿದ್ದರೂ ಅಷ್ಟು ಮೇಲೆ ತಾನು ಹಿಂದೆಂದೂ ಹೋಗಿರಲಿಲ್ಲವೆಂದು ಅವಳಿಗೆ ಅನ್ನಿಸಿತು. ಎತ್ತರವನ್ನು ಅಳೆಯುವ ಮಾನಗಳು ಒಂದಕ್ಕಿಂತ ಹೆಚ್ಚು ಇವೆ.

ಮೊದಲ ಹಾರಾಟ ಧೈರ್ಯವನ್ನು ಕೊಡುತ್ತದೆ. ಆಮೇಲಿನವು ವಿವೇಕವನ್ನು ಕಲಿಸುತ್ತವೆ. ಮೂರನೆಯ ಸಲ ಒಬ್ಬಳೇ ಹಾರಿ ಇಳಿಯಲು ಬಂದಾಗ ಪಕ್ಕದಿಂದ ಗಾಳಿ ಬೀಸುತ್ತಿತ್ತು. ಚಕ್ರ ನೆಲಕ್ಕೆ ತಾಗಿ ವಿಮಾನ ಚೆಂಡಿನಂತೆ ಪುಟಿದು ಮೇಲೆದ್ದಿತು, ವಾಲಿತು. ಕೆಳಗೆ ಗಟ್ಟಿ ನೆಲ ಕಾಣುತ್ತಿದೆ. ನಾಲ್ಕಾರು ಅಡಿಗಳಷ್ಟೇ ದೂರ. ಹೇಗಾದರೂ ಕೂರಿಸಿಬಿಡೋಣವೆಂಬ ಆಸೆ ಎಂತಹವರಿಗೂ ಬರುತ್ತದೆ. ಗುರುಗಳೂ ಗೆಳೆಯರೂ ನೋಡುತ್ತಿದ್ದಾರೆಂಬ ನಾಚಿಕೆ ಬೇರೆ. ಅವಳು ಥ್ರಾಟಲನ್ನು ಪೂರ್ತಿ ಮುಂದಕ್ಕೆ ಒತ್ತಿ, ನೆಲವನ್ನು ಬಿಟ್ಟುಕೊಟ್ಟು, ಮತ್ತೆ ಮೇಲೇರಿ ಇನ್ನೊಂದು ಸುತ್ತು ಹಾಕಿ ಬಂದು ಸರಿಯಾಗಿ ಇಳಿದಳು. ತಲೆ ತಗ್ಗಿಸಿಕೊಂಡು ಗುರುಗಳ ಮುಂದೆ ನಿಂತಳು. ಅವರು ಆ ದಿನ ಮೊದಲ ಬಾರಿಗೆ ಬಾಯಿ ತೆರೆದು ಹೊಗಳಿದರಂತೆ. ಇಳಿಯಬಲ್ಲವರು ಅನೇಕರಿದ್ದಾರೆ, ಇಳಿಯದೆ ಹೋಗಬಲ್ಲವರನ್ನು ತಯಾರು ಮಾಡುವುದು ಕಷ್ಟ ಎಂಬುದು ಅವರ ಮಾತಿನ ಸಾರ. ವಿದ್ಯಾರ್ಥಿಗಳಾದ ನೀವು ಒಂದು ಲೆಕ್ಕ ತಪ್ಪು ದಾರಿ ಹಿಡಿದಿದೆಯೆಂದು ನಡುವೆಯೇ ತಿಳಿದರೂ, ಬರೆದುದನ್ನು ಹೊಡೆದುಹಾಕಲು ಮನಸ್ಸು ಬಾರದೆ ಹೇಗೋ ಉತ್ತರಕ್ಕೆ ತಂದು ಮುಟ್ಟಿಸುವುದುಂಟಷ್ಟೆ. ಆಗ ಈ ಹುಡುಗಿಯನ್ನು ನೆನೆಯಬಹುದು.

ವೃತ್ತಿಗೆ ಬೇಕಾದ ಪರವಾನಗಿ ಪಡೆಯಬೇಕಾದರೆ 200 ಗಂಟೆ ಹಾರಿರಬೇಕು. ಅದರಲ್ಲಿ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಮರಳುವ ಸುಮಾರು 550 ಕಿಲೋಮೀಟರಿನ ಒಂದು ದೂರದ ಹಾರಾಟವೂ ಸೇರಿದೆ. ಅಂತಹ ದೂರದ ಹಾರಾಟಗಳಿಗೆ ಅಭ್ಯಾಸವಾಗಿ ಅವಳು ಒಂದು ಡಿಸೆಂಬರಿನ ಬೆಳಿಗ್ಗೆ ಹುಬ್ಬಳ್ಳಿಯ ಕಡೆಗೆ ಒಬ್ಬಳೇ ಹೊರಟಳು. ತುಮಕೂರು ದಾಟಿತು. ಕೆರೆಗಳನ್ನೂ ರೈಲುಹಾದಿಯನ್ನೂ ನಕ್ಷೆಯೊಡನೆ ಹೋಲಿಸಿ ನೋಡುತ್ತ, ದಿಕ್ಸೂಚಿಯ ಮುಳ್ಳನ್ನು ಕಾಯುತ್ತ ಸಾಗುತ್ತಿರುವಾಗ, ಎಡಗಡೆ ಬಹಳ ದೂರದಲ್ಲಿ, ಆಕಾಶದ ಬುಡಕ್ಕೆ ಒಂದು ನೀಲಿ ಗೆರೆ ಕಾಣಿಸಿತು. ನಕ್ಷೆ ನೋಡದೆಯೇ ಅವಳಿಗೆ ಗೊತ್ತಾಯಿತು: ಅದು ಬಾಬಾಬುಡನ್ ಗಿರಿಶ್ರೇಣಿ. ಅದರಾಚೆಗೆ ಅವಳ ಊರು. ಕಾಫಿ ಕೊಯ್ಲಿನ ಕಾಲ. ಅಪ್ಪ ತೋಟದಲ್ಲಿರುತ್ತಾರೆ, ಅಮ್ಮ ಕಣದಲ್ಲಿ ಹಣ್ಣು ಹರವುತ್ತಿರುತ್ತಾಳೆ. ವಿಮಾನದ ಸದ್ದು ಕೇಳಿದರೆ ಇಬ್ಬರೂ ತಲೆಯೆತ್ತಿ ನೋಡುತ್ತಾರೆ. ತೊಟ್ಟಿಯಲ್ಲಿ ಇಂಧನ ಸಾಕಷ್ಟಿದೆ. ಪಕ್ಕದಲ್ಲಿ ಕೇಳುವವರು ಯಾರೂ ಇಲ್ಲ.

ಅವಳು ದಿಕ್ಕನ್ನು ಬದಲಿಸಲಿಲ್ಲ. ಕಾರಣಗಳನ್ನು ಅವಳು ಆ ಪತ್ರದಲ್ಲಿ ಒಂದು, ಎರಡು, ಮೂರು ಎಂದು ನಾನು ಕಲಿಸಿದ್ದ ಕ್ರಮದಲ್ಲಿಯೇ ಬರೆದಿದ್ದಳು. ಒಂದು, ಘಟ್ಟಗಳು ತಮ್ಮ ಹವೆಯನ್ನು ತಾವೇ ಸೃಷ್ಟಿಸಿಕೊಳ್ಳುತ್ತವೆ. ಬಯಲಿನಲ್ಲಿ ಬಿಸಿಲಿದ್ದರೂ ಅಲ್ಲಿ ಅರೆಗಳಿಗೆಯಲ್ಲಿ ಮಂಜು ಕವಿಯಬಹುದು. ಎರಡು, ಒಂದೇ ಎಂಜಿನ್ನಿನ ವಿಮಾನದ ಎಂಜಿನ್ ನಿಂತರೆ ಬಯಲಿನಲ್ಲಿ ಯಾವುದಾದರೂ ಹೊಲ ಸಿಕ್ಕೀತು. ಕಾಡಿನ ಮೇಲೆ, ಕಾಫಿ ತೋಟದ ಮರಗಳ ಮೇಲೆ ಇಳಿಯಲು ಜಾಗವಿಲ್ಲ. ಮೂರು, ಹೊರಡುವ ಮುನ್ನ ತಾನು ಹೋಗುವ ದಾರಿಯನ್ನು ಬರೆದು ಕೊಟ್ಟಿರುತ್ತಾರೆ. ವಿಮಾನ ಕಾಣೆಯಾದರೆ ಹುಡುಕುವವರು ಆ ದಾರಿಯಲ್ಲಿಯೇ ಹುಡುಕುತ್ತಾರೆ. ದಾರಿ ತಪ್ಪಿಸಿ ಹೋದವರು ತಮ್ಮನ್ನು ಕಾಪಾಡಲು ಬರುವವರನ್ನೂ ದಾರಿ ತಪ್ಪಿಸುತ್ತಾರೆ. ನೀಲಿ ಗೆರೆ ಸ್ವಲ್ಪ ಹೊತ್ತು ಜೊತೆಗೆ ಬಂದು, ಹಿಂದೆ ಸರಿದು, ಮಾಸಿಹೋಯಿತು. ‘ಅತ್ತೆನೋ ಇಲ್ಲವೋ ನೆನಪಿಲ್ಲ ಸಾರ್, ದಿಕ್ಸೂಚಿಯ ಮುಳ್ಳು ಮಾತ್ರ ನೆನಪಿದೆ’ ಎಂದು ಪತ್ರ ಮುಗಿದಿತ್ತು.

ಈ ಪತ್ರವನ್ನು ನಾನು ಹತ್ತಾರು ಸಲ ಓದಿದ್ದೇನೆ. ಕಣ್ಗಾವಲಿದ್ದಾಗ ನಿಯಮವನ್ನು ಪಾಲಿಸುವುದು ದೊಡ್ಡ ಮಾತಲ್ಲ. ಪಕ್ಕದ ಆಸನ ಖಾಲಿಯಾದ ಮೇಲೆ ನಾವು ಏನು ಮಾಡುತ್ತೇವೆಯೋ ಅದೇ ನಾವು ಕಲಿತದ್ದು. ಉಳಿದುದೆಲ್ಲ ಗುರುಗಳ ಕೈಬಲ. ಹಾಗೆ ನೋಡಿದರೆ ಒಂಟಿಯಾಗಿ ಹಾರುವವರು ನಿಜವಾಗಿ ಒಂಟಿಯಲ್ಲ. ತಮಗೆ ಕಲಿಸಿದವರನ್ನು ಒಳಗೆ ಕೂರಿಸಿಕೊಂಡಿರುತ್ತಾರೆ. ಹೊರಗೆ ಕಾಯುವವರ ಹೊಣೆಯನ್ನೂ ಹೊತ್ತಿರುತ್ತಾರೆ.

ನಮ್ಮ ದೇಶದ ವಿಮಾನಯಾನದ ಚರಿತ್ರೆಯಲ್ಲಿ ಇದಕ್ಕೆ ಒಂದು ಸೊಗಸಾದ ಸಾಕ್ಷಿಯಿದೆ. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬನೇ ಹಾರಿಬರುವ ಮೊದಲ ಭಾರತೀಯನಿಗೆ ಆಗಾ ಖಾನರು 500 ಪೌಂಡುಗಳ ಬಹುಮಾನ ಘೋಷಿಸಿದ್ದರು. 1929ರಲ್ಲಿ ಭಾರತದಲ್ಲಿ ನೀಡಿದ ಮೊದಲ ಪರವಾನಗಿಯನ್ನು ಪಡೆದಿದ್ದ ಜೆ. ಆರ್. ಡಿ. ಟಾಟಾ 1930ರ ಮೇ ತಿಂಗಳಲ್ಲಿ ಕರಾಚಿಯಿಂದ ಇಂಗ್ಲೆಂಡಿನ ಕಡೆಗೆ ಹೊರಟರು. 17 ವರ್ಷ ವಯಸ್ಸಿನ ಆಸ್ಪಿ ಎಂಜಿನಿಯರ್ ಎಂಬ ಹುಡುಗ ಇಂಗ್ಲೆಂಡಿನಿಂದ ಕರಾಚಿಯ ಕಡೆಗೆ ಬರುತ್ತಿದ್ದ. ನಡುದಾರಿಯಲ್ಲಿ, ಈಜಿಪ್ಟಿನ ಅಬೂಕೀರ್ ಎಂಬಲ್ಲಿ ಇಬ್ಬರೂ ಎದುರಾದರು. ಎಂಜಿನ್ನಿಗೆ ಬೇಕಾದ ಸ್ಪಾರ್ಕ್ ಪ್ಲಗ್ಗುಗಳಿಲ್ಲದೆ ಆಸ್ಪಿ ಅಲ್ಲಿ ನಿಂತುಬಿಟ್ಟಿದ್ದ. ಟಾಟಾ ಅವರು ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್ಗುಗಳನ್ನು ತೆಗೆದುಕೊಟ್ಟರು. ಆಸ್ಪಿ ಕೆಲವೇ ಗಂಟೆಗಳ ಅಂತರದಲ್ಲಿ ಮೊದಲು ಗುರಿ ಮುಟ್ಟಿ ಬಹುಮಾನ ಗೆದ್ದ. ಮುಂದೆ ಆ ಹುಡುಗ 1960ರಿಂದ 1964ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಸ್ಪರ್ಧೆಯ ನಿಯಮದಂತೆ ಇಬ್ಬರೂ ಏಕಾಂಗಿಗಳು. ಆದರೆ ಆ ಗೆಲುವಿನಲ್ಲಿ ಒಬ್ಬರೇ ಇದ್ದರೆಂದು ಹೇಳಲಾದೀತೆ?

ನನ್ನ ಶಿಷ್ಯೆ ಪರವಾನಗಿ ಪಡೆದು ಅನೇಕ ವರ್ಷಗಳ ಕಾಲ ದೊಡ್ಡ ವಿಮಾನಗಳನ್ನು ನಡೆಸಿದಳು. ಆಮೇಲೆ ತಾನೇ ಹಾರಾಟ ಕಲಿಸುವ ವೃತ್ತಿಗೆ ಬಂದಳು. ಈಗ ಅವಳು ಕೂರುವುದು ಆ ಪಕ್ಕದ ಆಸನದಲ್ಲಿ. ತನ್ನ ಮೊದಲ ಶಿಷ್ಯನನ್ನು ಒಬ್ಬನನ್ನೇ ಮೇಲಕ್ಕೆ ಕಳಿಸಿದ ದಿನ ಸಂಜೆ ಅವಳು ನನಗೆ ದೂರವಾಣಿ ಮಾಡಿದ್ದಳು. ಆ ವೇಳೆಗೆ ನಾನು ನಿವೃತ್ತನಾಗಿದ್ದೆ. ಸೊಂಟದ ಪಟ್ಟಿಯನ್ನು ಬಿಗಿದು ಕಟ್ಟಿ ಇಳಿದು ಬಂದು ಮೈದಾನದ ಅಂಚಿನಲ್ಲಿ ನಿಂತಾಗ ತನ್ನ ಕೈಗಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲವೆಂದಳು. ಹುಡುಗ ಏರಿದ, ತಿರುಗಿದ, ಇಳಿಯತೊಡಗಿದ. ಅವನು ದಂಡವನ್ನು ಎಷ್ಟು ಎಳೆಯಬೇಕೋ ಅಷ್ಟನ್ನು ಅವಳು ನೆಲದ ಮೇಲೆ ನಿಂತು ಬರಿಯ ಗಾಳಿಯಲ್ಲಿ ಎಳೆಯುತ್ತಿದ್ದಳಂತೆ. ತನ್ನ ಮೊದಲ ಹಾರಾಟದ ಹತ್ತು ನಿಮಿಷಕ್ಕಿಂತ ಈ ಹತ್ತು ನಿಮಿಷ ಬಹಳ ಉದ್ದವಾಗಿತ್ತೆಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಕೇಳಿದಳು: ‘ಸಾರ್, ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿನ ನೀವು ನಮ್ಮನ್ನು ಒಳಗೆ ಕಳಿಸಿ, ಗೇಟಿನ ಹೊರಗೆ ಆ ಹಲಸಿನ ಮರದ ಕೆಳಗೆ ಮೂರು ಗಂಟೆ ನಿಂತಿರುತ್ತಿದ್ದಿರಿ. ಬಿಸಿಲಲ್ಲಿ ಸುಮ್ಮನೆ ಯಾಕೆ ನಿಂತಿದ್ದಾರೆ ಎಂದು ನಾವು ನಗುತ್ತಿದ್ದೆವು. ನಿಮಗೂ ಹೀಗೆಯೇ ಆಗುತ್ತಿತ್ತೆ?’

‘ಹೌದಮ್ಮ,’ ಎಂದೆ, ‘ಪ್ರತಿ ವರ್ಷವೂ.’